ದೋಣಿ ಕೊಳ್ಳುವ ಮೊದಲು ತೂಕ ಕೇಳಿ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಹಳೆಯ ಹಾಯಿದೋಣಿಗಳಿಗೆ ಬರವಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಕಾರ್ಖಾನೆಗಳು ಫೈಬರ್‌ಗ್ಲಾಸಿನಲ್ಲಿ ಅಚ್ಚು ಹಾಕಿ ಸಾವಿರಗಟ್ಟಲೆ ದೋಣಿ ಇಳಿಸಿದವು. ಅವು ಮರದ ದೋಣಿಯ ಹಾಗೆ ಕೊಳೆಯುವುದಿಲ್ಲ. ಹಾಗಾಗಿ ಇಂದಿಗೂ ನೀರಿನಲ್ಲೇ ಇವೆ, ಕೈಯಿಂದ ಕೈಗೆ ದಾಟುತ್ತಿವೆ. ಅಲ್ಲಿ ಕೆಲಸಕ್ಕೆ ಹೋದ ನಮ್ಮ ಹುಡುಗರು ಒಂದು ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆಗೆ ಮೂವತ್ತಡಿಯ ದೋಣಿ ಕೊಳ್ಳಬಹುದು. ನನ್ನ ಮಗನಿಗೂ ಆ ಆಸೆ ಹುಟ್ಟಿದೆ. ಅದಕ್ಕೆ ನನ್ನ ವಿರೋಧವಿಲ್ಲ. ಗಂಗೊಳ್ಳಿಯಲ್ಲಿ ಹುಟ್ಟಿ, ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತನಾದವನು ನಾನು. ಮಗ ಸಮುದ್ರದ ಕಡೆಗೆ ಮುಖ ಮಾಡಿದ್ದು ಸಂತೋಷವೇ. ನನ್ನ ತಕರಾರು ಇರುವುದು ಅವರು ದೋಣಿ ಆರಿಸುವ ಕ್ರಮದ ಬಗ್ಗೆ.

ಅವನೂ ಅವನ ಸ್ನೇಹಿತರೂ ದೋಣಿ ನೋಡುವುದಕ್ಕೆ ಮೊದಲು ಅಂಕಿ ನೋಡುತ್ತಾರೆ. ಹಾಯಿಗೂ ತೂಕಕ್ಕೂ ಇರುವ ಅನುಪಾತ, ತೂಕಕ್ಕೂ ಉದ್ದಕ್ಕೂ ಇರುವ ಅನುಪಾತ, ಮಗುಚದಂತೆ ತಳದಲ್ಲಿ ಇಡುವ ಭಾರದ, ಅಂದರೆ ಬ್ಯಾಲಾಸ್ಟಿನ ಪಾಲು, ಮಗುಚುವಿಕೆಯ ಸೂತ್ರ ಎಲ್ಲವೂ ಸಾಲಾಗಿ ಒಂದು ಶೀಟಿನಲ್ಲಿ ಇರುತ್ತವೆ. ಯಾವುದರ ಅಂಕಿ ಚೆನ್ನಾಗಿದೆಯೋ ಆ ದೋಣಿ ಪಟ್ಟಿಯಲ್ಲಿ ಮೇಲೆ. "ಅಪ್ಪಯ್ಯ, ಇದರ ಮಗುಚುವಿಕೆ ಸರಿಯಾಗಿ ಎರಡು ಬಂತು, ಸಾಕಲ್ದಾ?" ಎಂದು ಫೋನಿನಲ್ಲಿ ಕೇಳುತ್ತಾನೆ. ಎಂಜಿನಿಯರ್ ಆಗಿ ನಾನು ಲೆಕ್ಕವನ್ನು ಹಗುರವಾಗಿ ಕಾಣುವವನಲ್ಲ. ಈ ಅನುಪಾತಗಳು ಒಳ್ಳೆಯ ಉಪಕರಣಗಳೇ. ಆದರೆ ಇವೆಲ್ಲದರ ಒಳಗೂ ಒಂದೇ ಸಂಖ್ಯೆ ಕೂತಿದೆ, ಅದು ದೋಣಿಯ ತೂಕ. ಆ ಒಂದು ಸಂಖ್ಯೆಯನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ.

ಹಾಯಿ-ತೂಕದ ಲೆಕ್ಕ ಹೀಗಿದೆ. ಒಂದು ಘನ ಅಡಿ ಸಮುದ್ರದ ನೀರು 64 ಪೌಂಡ್ ತೂಗುತ್ತದೆ. ದೋಣಿಯ ತೂಕವನ್ನು 64ರಿಂದ ಭಾಗಿಸಿದರೆ ಅದು ಎಷ್ಟು ಘನ ಅಡಿ ನೀರನ್ನು ಪಕ್ಕಕ್ಕೆ ತಳ್ಳಿ ತೇಲುತ್ತಿದೆ ಎಂದು ತಿಳಿಯುತ್ತದೆ. ಅದರ ಘನಮೂಲ ತೆಗೆದು ವರ್ಗ ಮಾಡಿ, ಬಂದ ಸಂಖ್ಯೆಯಿಂದ ಹಾಯಿಯ ಚದರಡಿಯನ್ನು ಭಾಗಿಸಬೇಕು. ಉತ್ತರ ದೊಡ್ಡದಾದಷ್ಟೂ ಮೈಭಾರಕ್ಕೆ ಹೋಲಿಸಿದರೆ ಹಾಯಿ ಹೆಚ್ಚು. ತೆಳುಗಾಳಿಯಲ್ಲೂ ದೋಣಿ ಓಡುತ್ತದೆ. ಸಮುದ್ರದಲ್ಲಿ ಸಾಮಾನು ಹೇರಿಕೊಂಡು ತಿರುಗುವ ದೋಣಿಗಳದು ಸಾಮಾನ್ಯವಾಗಿ 14ರಿಂದ 17ರ ನಡುವೆ. ರೇಸಿನವುಗಳದು ಅದಕ್ಕಿಂತ ಎಷ್ಟೋ ಮೇಲೆ.

ಮಗನ ಪಟ್ಟಿಯಲ್ಲಿದ್ದ ಮೂರು ದೋಣಿಗಳನ್ನೇ ತೆಗೆದುಕೊಳ್ಳುತ್ತೇನೆ. ಮೊದಲನೆಯದು ಕ್ಯಾಟಲಿನಾ 30. ಆ ಕರಾವಳಿಯಲ್ಲಿ ಯಾವ ಮರೀನಾಕ್ಕೆ ಹೋದರೂ ಒಂದಾದರೂ ಕಣ್ಣಿಗೆ ಬೀಳುವಷ್ಟು ಸಾಮಾನ್ಯ ದೋಣಿ. ತೂಕ 10,200 ಪೌಂಡ್, ಅಂದರೆ ಸುಮಾರು 4,600 ಕಿಲೊ. ಹಾಯಿ 446 ಚದರಡಿ. ಅನುಪಾತ 15.2. ಎರಡನೆಯದು ವೆಸ್ಟ್‌ಸೇಲ್ 32, ಎರಡೂ ತುದಿ ಚೂಪಾದ, ತಳದಲ್ಲಿ ಉದ್ದದ ಕೀಲ್ ಇರುವ ಭಾರಿ ದೋಣಿ. ತೂಕ 19,500 ಪೌಂಡ್, ಹಾಯಿ 629 ಚದರಡಿ, ಅನುಪಾತ 13.9. ಮೂರನೆಯದು ಜೆ/24, ರೇಸಿಗೆಂದೇ ಹುಟ್ಟಿದ್ದು; 3,100 ಪೌಂಡಿಗೆ 261 ಚದರಡಿ, ಅನುಪಾತ 19.6. ಇಷ್ಟು ನೋಡಿದರೆ ಯಾವುದು ಚುರುಕು, ಯಾವುದು ನಿಧಾನ ಎಂದು ಗೊತ್ತಾಗುತ್ತದೆ. ಅಲ್ಲಿಯವರೆಗೆ ಲೆಕ್ಕ ಸರಿ.

ಮಾರುವವರ ಜಾಹೀರಾತು ಓದಿದಾಗ ತೊಂದರೆ ಶುರು. ಕ್ಯಾಟಲಿನಾದ 446 ಚದರಡಿ ಎಂಬುದು ದೊಡ್ಡ ಹಾಯಿ ಮತ್ತು ಮುಂದಿನ ತ್ರಿಕೋನ, ಇವೆರಡನ್ನು ಮಾತ್ರ ಕೂಡಿದ ಲೆಕ್ಕ. ಹಾಯಿಕಂಬದಿಂದ ಹಿಂದಕ್ಕೂ ಚಾಚುವ ದೊಡ್ಡ ಜೆನೊವಾ ಹಾಯಿಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿದರೆ ಅದೇ ದೋಣಿಯ ಹಾಯಿ ಸುಮಾರು 564 ಚದರಡಿಯಾಗುತ್ತದೆ. ಅನುಪಾತ 19 ದಾಟುತ್ತದೆ! ಕುಟುಂಬದ ದೋಣಿ ಕಾಗದದ ಮೇಲೆ ಜೆ/24ರ ಪಕ್ಕಕ್ಕೆ ಬಂದು ನಿಂತಿತು. ಯಾರೂ ಸುಳ್ಳು ಹೇಳಿಲ್ಲ, ಅಳೆದ ಹಾಯಿ ಬೇರೆ ಅಷ್ಟೇ. ಎರಡು ದೋಣಿ ಹೋಲಿಸುವಾಗ ಎರಡಕ್ಕೂ ಒಂದೇ ರೀತಿ ಅಳೆದಿದ್ದಾರೆಯೇ ಎಂದು ಮೊದಲು ಕೇಳಬೇಕು.

ತೂಕದ ವಿಷಯ ಇದಕ್ಕಿಂತ ಗಂಭೀರ. ಕಂಪನಿಯ ಕಾಗದದಲ್ಲಿ ಬರೆದ ತೂಕ ಬಹುಪಾಲು ಖಾಲಿ ದೋಣಿಯದು, ಇಲ್ಲವೇ ಖಾಲಿಗೆ ಹತ್ತಿರವಾದದ್ದು. ಅದರಲ್ಲಿ ಸಂಸಾರ ಹೂಡಿದ ಮೇಲೆ ಆಗುವುದೇ ಬೇರೆ. ಒಂದು ಲೀಟರ್ ನೀರು ಒಂದು ಕಿಲೊ. ಹತ್ತು ಮಿಲಿಮೀಟರಿನ ಲಂಗರು ಸರಪಣಿ ಮೀಟರಿಗೆ ಎರಡು ಕಿಲೊಗಿಂತ ಹೆಚ್ಚು. ಅರವತ್ತು ಮೀಟರ್ ಹಾಕಿಕೊಂಡರೆ ಇಬ್ಬರು ಗಂಡಸರು ಮೂತಿಯ ಮೇಲೆ ಕಾಯಂ ಕೂತಂತೆ. ಡೀಸೆಲ್, ಬ್ಯಾಟರಿ, ಸೋಲಾರ್ ಪ್ಯಾನೆಲ್, ರಬ್ಬರ್ ದೋಣಿ, ಪಾತ್ರೆ, ಅಕ್ಕಿ, ಜನ. ಒಂದು ಟನ್ ಆಗುವುದು ಕಷ್ಟವೇ ಅಲ್ಲ.

ಆ ಟನ್ನಿಗೆ ಹತ್ತಿರದ 2,000 ಪೌಂಡನ್ನು ಕ್ಯಾಟಲಿನಾ, ವೆಸ್ಟ್‌ಸೇಲ್ ಎರಡಕ್ಕೂ ಹೇರಿ ಮತ್ತೆ ಲೆಕ್ಕ ಮಾಡಿ. ವೆಸ್ಟ್‌ಸೇಲ್ 13.9ರಿಂದ 13ಕ್ಕೆ ಇಳಿಯುತ್ತದೆ. ಕ್ಯಾಟಲಿನಾ 15.2ರಿಂದ 13.5ಕ್ಕೆ. ಹಗುರ ದೋಣಿ ಹೆಚ್ಚು ಕಳೆದುಕೊಂಡಿತು, ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಖಾಲಿ ದೋಣಿಯ ಚುರುಕನ್ನು ನಂಬಿ ಹಣ ಕೊಟ್ಟವನು, ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಹೊರಟಾಗ ಬೇರೆಯೇ ದೋಣಿಯನ್ನು ನಡೆಸುತ್ತಿರುತ್ತಾನೆ.

ತೂಕ-ಉದ್ದದ ಅನುಪಾತವೂ ಹೀಗೆಯೇ. ತೂಕವನ್ನು 2,240 ಪೌಂಡಿನ ಟನ್ನಿಗೆ ಇಳಿಸಿ, ನೀರಿನ ಮಟ್ಟದಲ್ಲಿ ಅಳೆದ ಉದ್ದದ ನೂರನೆಯ ಒಂದು ಪಾಲಿನ ಘನದಿಂದ ಭಾಗಿಸುವುದು. ಜೆ/24ಕ್ಕೆ 173, ಕ್ಯಾಟಲಿನಾಕ್ಕೆ 291, ವೆಸ್ಟ್‌ಸೇಲ್‌ಗೆ 419. ಹೇರಿದ ಕ್ಯಾಟಲಿನಾ ಸುಮಾರು 349. ಇಲ್ಲಿ ಒಂದು ಮಾತು: ಈ ಅನುಪಾತ ದೊಡ್ಡದಿದ್ದರೆ ದೋಣಿ ಕೆಟ್ಟದ್ದು ಎಂದಲ್ಲ. ಭಾರದ ದೋಣಿ ಅಲೆಯಲ್ಲಿ ಕುಪ್ಪಳಿಸುವುದು ಕಡಿಮೆ, ಹೇರಿದರೆ ಸ್ವಭಾವ ಬದಲಿಸುವುದೂ ಕಡಿಮೆ. ಆ ಕೊಲ್ಲಿಯಲ್ಲಿ ಬೇಸಿಗೆ ಮಧ್ಯಾಹ್ನ ಗೋಲ್ಡನ್ ಗೇಟ್ ದಾಟಿ ಇಪ್ಪತ್ತು-ಇಪ್ಪತ್ತೈದು ನಾಟ್ ಗಾಳಿ ನುಗ್ಗುತ್ತದೆ. ಅಲ್ಲಿ ಹಾಯಿ ಸಾಲದು ಎಂಬ ಕೊರಗಿಲ್ಲ, ಮಡಿಚಿ ಕಡಿಮೆ ಮಾಡುವುದೇ ಕೆಲಸ. ಅದೇ ದೋಣಿಯನ್ನು ದಕ್ಷಿಣಕ್ಕೆ, ಲಾಸ್ ಏಂಜಲಿಸ್ ಕಡೆಯ ತೆಳುಗಾಳಿಗೆ ಒಯ್ದರೆ ವೆಸ್ಟ್‌ಸೇಲ್‌ನವನು ಎಂಜಿನ್ ಹಾಕಬೇಕಾದೀತು. ಎಲ್ಲಿ ಓಡಿಸುತ್ತೀ ಎಂಬುದನ್ನು ಬಿಟ್ಟು ಯಾವ ಅಂಕಿಯೂ ಒಳ್ಳೆಯದಲ್ಲ, ಕೆಟ್ಟದಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಮಗುಚುವಿಕೆಯ ಸೂತ್ರ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ರೇಸಿಗೆ ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕವು. ಹದಿನೈದು ನಾವಿಕರು ಸತ್ತರು. ಅಗಲವಾದ, ಹಗುರವಾದ ಹೊಸ ರೇಸ್ ದೋಣಿಗಳು ಅಲೆಗೆ ಯಾಕೆ ಮಗುಚಿದವು, ಮಗುಚಿದ ಮೇಲೆ ಯಾಕೆ ಬೇಗ ಏಳಲಿಲ್ಲ ಎಂಬ ಪ್ರಶ್ನೆಯಿಂದ ನಡೆದ ಅಧ್ಯಯನಗಳಲ್ಲಿ ಅಮೆರಿಕದವರು ಒಂದು ಸರಳ ಸೂತ್ರ ಕೊಟ್ಟರು. ದೋಣಿಯ ಅಗಲವನ್ನು, ಅದು ತಳ್ಳುವ ನೀರಿನ ಘನ ಅಡಿಯ ಘನಮೂಲದಿಂದ ಭಾಗಿಸಿ. ಎರಡಕ್ಕಿಂತ ಕಡಿಮೆ ಬಂದರೆ ಹೊರಸಮುದ್ರಕ್ಕೆ ಪರಿಗಣಿಸಬಹುದು. ಇದು ಮೊದಲ ಜರಡಿ ಮಾತ್ರ. ಆದರೆ ಇಂದು ಕೊಳ್ಳುವವರು ಇದನ್ನು ಸುರಕ್ಷತೆಯ ಸರ್ಟಿಫಿಕೇಟ್ ಎಂದು ಓದುತ್ತಿದ್ದಾರೆ.

ಕ್ಯಾಟಲಿನಾ 30ರ ಅಗಲ 10 ಅಡಿ 10 ಇಂಚು. ಸೂತ್ರದ ಉತ್ತರ 2.0, ಗೆರೆಯ ಮೇಲೆ. ಈಗ ಮೊದಲಿನ 2,000 ಪೌಂಡನ್ನು ಹೇರಿ. ಉತ್ತರ 1.88ಕ್ಕೆ ಇಳಿಯುತ್ತದೆ. ಸೂತ್ರದ ಪ್ರಕಾರ ದೋಣಿ ಮೊದಲಿಗಿಂತ ಸುರಕ್ಷಿತವಾಯಿತು. ಆ 2,000 ಪೌಂಡನ್ನು ಎಲ್ಲಿಟ್ಟಿರಿ ಎಂದು ಸೂತ್ರ ಕೇಳಲೇ ಇಲ್ಲ. ತಳದ ನೀರಿನ ಟ್ಯಾಂಕಿನಲ್ಲಿಟ್ಟರೂ 1.88, ಅಷ್ಟನ್ನೂ ಡೆಕ್ಕಿನ ಮೇಲೆ ಕಟ್ಟಿದರೂ 1.88. ಡೆಕ್ಕಿನ ಮೇಲೆ ಭಾರ ಕಟ್ಟಿದ ದೋಣಿ ಮೊದಲ ದೊಡ್ಡ ಅಲೆಗೆ ಮಲಗಿ ಏಳದೇ ಹೋಗಬಹುದು.

ಬ್ಯಾಲಾಸ್ಟಿನ ಪಾಲನ್ನೂ ಹೀಗೇ ನೋಡಬೇಕು. ಕ್ಯಾಟಲಿನಾದ ಒಟ್ಟು ತೂಕದಲ್ಲಿ ಬ್ಯಾಲಾಸ್ಟ್ ನೂರಕ್ಕೆ 41, ವೆಸ್ಟ್‌ಸೇಲ್‌ನಲ್ಲಿ 36. ಹೆಚ್ಚಿರುವುದೇ ಹೆಚ್ಚು ಗಟ್ಟಿ ಎಂದರೆ ಮೊದಲನೆಯದೇ ಸಾಗರಕ್ಕೆ ಲಾಯಕ್ಕು ಎಂದಾಗುತ್ತದೆ, ಅದು ಸರಿಯಲ್ಲ. ಸೀಸ ಎಷ್ಟು ಆಳದಲ್ಲಿದೆ, ಮೈಯ ಆಕಾರ ಎಂಥದು ಎಂಬುದು ಆ ಶೇಕಡಾವಾರಿನಲ್ಲಿ ಇಲ್ಲ. ನಮ್ಮ ಕರಾವಳಿಯಲ್ಲಿ ಮಂಗಳೂರು ಹೆಂಚು ಹೇರಿಕೊಂಡು ಹೋಗುತ್ತಿದ್ದ ಮಚವೆ ಎಂಬ ಹಾಯಿಹಡಗಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೆಂಚು ಇಳಿಸಿ ಖಾಲಿ ಬರುವಾಗ ತಳಕ್ಕೆ ಕಲ್ಲೋ ಮರಳೋ ತುಂಬುತ್ತಿದ್ದರು. ಹಡಗು ನಡೆಸುವ ಯಾವ ತಂಡೇಲನೂ ಆ ಕಲ್ಲನ್ನು ಮೇಲೆ ಪೇರಿಸಲಿಲ್ಲ.

ಸಂಖ್ಯೆ ಚೆನ್ನಾಗಿದ್ದರೂ ಸಮುದ್ರ ಬಿಡುವುದಿಲ್ಲ ಎಂಬುದಕ್ಕೆ ನಮ್ಮದೇ ಸಾಕ್ಷಿ ಇದೆ. ಬ್ರಿಟಿಷ್ ನಾವಿಕ ರಾಬಿನ್ ನಾಕ್ಸ್-ಜಾನ್ಸ್‌ಟನ್ 1968-69ರಲ್ಲಿ ಒಬ್ಬನೇ ಎಲ್ಲೂ ನಿಲ್ಲದೆ 312 ದಿನಗಳಲ್ಲಿ ಭೂಮಿಗೆ ಸುತ್ತು ಹಾಕಿದ ಸುಹೈಲಿ, ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ಮೂವತ್ತೆರಡು ಅಡಿಯ ದೋಣಿ. ವಿಲಿಯಂ ಆಟ್ಕಿನ್ ಎಂಬ ಅಮೆರಿಕನ್ ವಿನ್ಯಾಸಕಾರ ಬರೆದ ಎರಿಕ್ ಎಂಬ ನಕ್ಷೆ ಅದರದ್ದು. ವೆಸ್ಟ್‌ಸೇಲ್ 32ರ ಮೂಲವೂ ಅದೇ ಎರಿಕ್. ಮುಂಬಯಿಯ ಸುಹೈಲಿ, ಕ್ಯಾಲಿಫೋರ್ನಿಯದ ವೆಸ್ಟ್‌ಸೇಲ್ ದಾಯಾದಿಗಳು. 1991ರ ಅಕ್ಟೋಬರಿನ ಅಟ್ಲಾಂಟಿಕ್ ಬಿರುಗಾಳಿಯಲ್ಲಿ ಸಟೋರಿ ಎಂಬ ವೆಸ್ಟ್‌ಸೇಲ್‌ನಿಂದ ಜನರನ್ನು ಕೋಸ್ಟ್ ಗಾರ್ಡ್ ಎತ್ತಿಕೊಂಡ ಮೇಲೂ ದೋಣಿ ಒಂಟಿಯಾಗಿ ತೇಲಿ ದಡ ಸೇರಿತು. ಇಂಥ ದೋಣಿಯ ಮಗುಚುವಿಕೆಯ ಅಂಕಿ ಸುಮಾರು 1.64. ಆದರೆ ಇದೇ ವಂಶದ, ಗೋವಾದಲ್ಲಿ ಸುಹೈಲಿಯ ಪ್ರತಿರೂಪವಾಗಿ ಕಟ್ಟಿದ ತುರಿಯಾದಲ್ಲಿ ಒಬ್ಬಂಟಿಯಾಗಿ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸಿಗೆ ಹೋದ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಮಗುಚಿ, ಹಾಯಿಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟು ತಿಂದು ಬದುಕಿ ಬಂದರು. ಆ ಅಲೆಯ ಮುಂದೆ ಅಂಥ ಅಂಕಿ ಕೂಡ ಸಾಲದಾಯಿತು. ಅವರು ಮುಂದಿನ ರೇಸಿಗೆ ರಸ್ಲರ್ 36 ಎಂಬ ದೋಣಿಯಲ್ಲಿ ಹೋಗಿ 2023ರಲ್ಲಿ ಎರಡನೆಯವರಾಗಿ ಮುಗಿಸಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ನಾನು ದುಡಿದ ಸರಕು ಹಡಗುಗಳಲ್ಲಿ ಖಾಲಿ ಹಡಗಿನ ತೂಕ ಒಂದು ಕಡೆ, ಹೇರಬಹುದಾದ ತೂಕ ಇನ್ನೊಂದು ಕಡೆ ಬರೆದಿರುತ್ತಿತ್ತು. ಬಂದರು ಬಿಡುವ ಮೊದಲು ಯಾವ ಟ್ಯಾಂಕಿನಲ್ಲಿ ಎಷ್ಟು, ಯಾವ ಹೋಲ್ಡಿನಲ್ಲಿ ಎಷ್ಟು, ಎಲ್ಲ ಕೂಡಿ ಭಾರಕೇಂದ್ರ ಎಲ್ಲಿಗೆ ಬಂತು ಎಂದು ಚೀಫ್ ಆಫೀಸರ್ ಲೆಕ್ಕ ಹಾಕದೆ ಹಡಗು ಅಲುಗುತ್ತಿರಲಿಲ್ಲ. ಸಂಸಾರ ಸಮೇತ ಸಮುದ್ರಕ್ಕಿಳಿಯುವವನಿಗೆ ಮಾತ್ರ ಯಾಕೆ ಒಂದೇ ಸಾಲಿನ ಜಾಹೀರಾತು ಸಾಕು? ದೋಣಿ ಮಾರುವವರು ಎರಡು ತೂಕ ಬರೆಯಬೇಕು, ಖಾಲಿಯದೂ ಹೇರಿದ್ದೂ. ಎಷ್ಟು ಡಿಗ್ರಿಯವರೆಗೆ ಮಲಗಿದರೂ ದೋಣಿ ತಾನಾಗಿ ಏಳುತ್ತದೆ ಎಂದು ತೋರಿಸುವ ಸ್ಥಿರತೆಯ ನಕ್ಷೆ ಇದ್ದರೆ ಅದನ್ನೂ ಕೊಡಬೇಕು. ಹೊರಸಮುದ್ರಕ್ಕೆ ಹೋಗುವವರು ಅದು 120 ಡಿಗ್ರಿಗಿಂತ ಕಡಿಮೆ ಇರದಂತೆ ನೋಡಿಕೊಳ್ಳುವುದು ವಾಡಿಕೆ. ಭಾರ ಎಲ್ಲಿದೆ ಎಂಬುದಕ್ಕೆ ಉತ್ತರ ಕೊಡುವುದು ಆ ನಕ್ಷೆ. ಅನುಪಾತಗಳಿಗೆ ಆ ಶಕ್ತಿಯಿಲ್ಲ.

ಅವರು ಕೊಡುವವರೆಗೆ ಕೊಳ್ಳುವವರೇ ನೋಡಿಕೊಳ್ಳಬೇಕು. ಜೆಟ್ಟಿಯ ಮೇಲೆ ನಿಂತು ನೀರಿನ ಮಟ್ಟಕ್ಕೆ ಬಳಿದ ಬಣ್ಣದ ಗೆರೆ ನೋಡಿ. ಕ್ಯಾಟಲಿನಾ ಗಾತ್ರದ ದೋಣಿ ಒಂದಿಂಚು ಇಳಿಯಲು ಸುಮಾರು ಒಂಬೈನೂರು ಪೌಂಡ್ ಬೇಕು. ಗೆರೆ ಎರಡು ಇಂಚು ಮುಳುಗಿದ್ದರೆ ಹೆಚ್ಚುಕಡಿಮೆ ಒಂದು ಟನ್ ಹೆಚ್ಚಿದೆ. ಹಳೆಯ ಮಾಲೀಕ ಗೆರೆಯನ್ನೇ ಮೇಲಕ್ಕೆ ಬಳಿದಿರುವುದೂ ಉಂಟು, ಕೇಳಿ. ಡೆಕ್ಕಿನ ಮೇಲೆ ಏನೇನು ಕಟ್ಟಿದ್ದಾರೆ, ಹಾಯಿಕಂಬದ ಮೇಲೆ ಏನೇನು ಏರಿಸಿದ್ದಾರೆ ಎಂದು ಬರೆದುಕೊಳ್ಳಿ. ಸರ್ವೇ ಮಾಡಿಸಲು ದೋಣಿಯನ್ನು ಹೇಗೂ ನೀರಿನಿಂದ ಎತ್ತಿಸಬೇಕು. ಎತ್ತುವ ಟ್ರಾವೆಲ್ ಲಿಫ್ಟುಗಳಲ್ಲಿ ಹಲವಕ್ಕೆ ತೂಕ ತೋರಿಸುವ ಮಾಪಕ ಇರುತ್ತದೆ. ಪಟ್ಟಿ ಬಿಗಿದು ದೋಣಿ ಪೂರ್ತಿ ಮೇಲೆದ್ದಾಗ ಆಪರೇಟರನ ಹತ್ತಿರ ಹೋಗಿ ಆ ಅಂಕಿ ಕೇಳು, ನಿನ್ನ ಶೀಟಿನಲ್ಲಿ ಕಂಪನಿಯ ಅಂಕಿ ಅಳಿಸಿ ಅದನ್ನು ಹಾಕು, ಆಮೇಲೆ ಬೆಲೆ ಮಾತಾಡು ಎಂದು ಮಗನಿಗೆ ಹೇಳಿದ್ದೇನೆ.