ತೆಂಗಿನಕಾಯಿ ಕೇಳಲು ಹೋಗಿ ತಲೆ ಕೇಳಿದರೆ?

ಇಂಡೊನೇಷ್ಯಾದ ಭಾಷೆಯಲ್ಲಿ 'ಕೆಲಾಪ' ಎಂದರೆ ತೆಂಗಿನಕಾಯಿ, 'ಕೆಪಾಲ' ಎಂದರೆ ತಲೆ. ಎರಡನೆಯದು ನಮಗೂ ಗೊತ್ತಿರುವ 'ಕಪಾಲ'ವೇ. ಹೊಸದಾಗಿ ಕಲಿಯುವ ವಿದೇಶೀಯರು ಇವೆರಡನ್ನು ಅದಲುಬದಲು ಮಾಡುವುದುಂಟು. ಕೇಳಿದವರು ನಗುತ್ತಾರೆ. ಆದರೆ ನಗುವ ಮೊದಲು ಉಚ್ಚಾರ ಏಕೆ ತಪ್ಪುತ್ತದೆ ಎಂದು ಯೋಚಿಸುವುದು ಒಳ್ಳೆಯದು.

ಮೊದಲ ಕಾರಣ ಕಣ್ಣು. ಈ ಭಾಷೆಗೆ ಬಳಸುವುದು ರೋಮನ್ ಲಿಪಿ. 1972ರ ಕಾಗುಣಿತ ಸುಧಾರಣೆಯ ನಂತರ ಅಲ್ಲಿ 'ಸಿ' ಅಕ್ಷರಕ್ಕೆ 'ಚ' ಎಂಬ ಉಚ್ಚಾರ. ಮೊಮ್ಮಗುವಿಗೆ 'ಚುಚು' ಎನ್ನುತ್ತಾರೆ. ಇಂಗ್ಲಿಷಿಗೆ ಒಗ್ಗಿದ ಕಣ್ಣು ಅದನ್ನೇ 'ಕುಕು' ಎಂದು ಓದುತ್ತದೆ!

ಎರಡನೆಯ ಕಾರಣ ಉಸಿರು. ವಿದ್ಯಾರ್ಥಿಗಳೇ, ತೆಳುವಾದ ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿದು 'ಪ' ಎನ್ನಿ. ಕಾಗದ ಅಷ್ಟಾಗಿ ಅಲುಗದು. ಅದನ್ನೇ ಉಸಿರು ಒತ್ತಿ ಮಹಾಪ್ರಾಣವಾಗಿ ಹೇಳಿ, ಕಾಗದ ಹಾರುತ್ತದೆ. ಇಂಗ್ಲಿಷ್ ಮನೆಮಾತಿನವರು ಪದದ ಮೊದಲಿಗೆ ಬರುವ ಪ, ತ, ಕಗಳಿಗೆ ತಮಗೇ ತಿಳಿಯದಂತೆ ಈ ಉಸಿರನ್ನು ಸೇರಿಸುತ್ತಾರೆ. ಇಂಡೊನೇಷ್ಯಾದ 'ಪಾಗಿ'ಗೆ (ಬೆಳಿಗ್ಗೆ) ಬೇಕಾದದ್ದು ಬರೀ ಅಲ್ಪಪ್ರಾಣ.

ಮೂರನೆಯದು ಕಿವಿ. ಜಪಾನೀ ಭಾಷೆಯಲ್ಲಿ ರ-ಲ ಭೇದವಿಲ್ಲ. ಹೀಗಾಗಿ 'ಲೂಪ' (ಮರೆಯುವುದು) ಮತ್ತು 'ರೂಪ' (ರೂಪ) ಎರಡೂ ಆ ಕಿವಿಗೆ ಒಂದೇ ಆಗಿ ಕೇಳಬಹುದು. ಕಿವಿ ಬೇರ್ಪಡಿಸದ್ದನ್ನು ನಾಲಿಗೆ ಹೇಗೆ ಬೇರ್ಪಡಿಸೀತು?

ಹಾಗೆಂದು ಕನ್ನಡಿಗರು ಬೀಗಬೇಕಿಲ್ಲ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದ 'ಇಲ್ಲ' ಎಂಬರ್ಥದ 'ತಿದಾಕ್' ನಮ್ಮ ಬಾಯಲ್ಲಿ 'ತಿದಾಕು' ಆಗುವ ಅಪಾಯವಿದೆ. ಅಲ್ಲಿಯವರು ಕೊನೆಯ 'ಕ್' ಅನ್ನು ಗಂಟಲಲ್ಲೇ ತಡೆದುಬಿಡುತ್ತಾರೆ. 'ದಾರ' ಎಂದರೆ ಕನ್ಯೆ. ಕೊನೆಗೆ ವಿಸರ್ಗದಂಥ ಉಸಿರು ಸೇರಿ 'ದಾರಃ' ಆದರೆ ರಕ್ತ. ಸಂಸ್ಕೃತದ ಪರಿಚಯವೂ ಕೆಲವೊಮ್ಮೆ ತೊಡಕೇ. ನಮ್ಮ 'ಭಾಷಾ' ಅಲ್ಲಿ 'ಬಹಾಸ' ಆಗಿದೆ. ಅವರದು ತಪ್ಪು ಎನ್ನಲು ನಾವು ಯಾರು? ಅವರ ಮಾತಿಗೆ ಅವರ ಉಚ್ಚಾರವೇ ಪ್ರಮಾಣ.

ಉಚ್ಚಾರದ ತಪ್ಪು ದಡ್ಡತನದ ಗುರುತಲ್ಲ. ಅದು ಕಲಿಯುವವನ ಮನೆಮಾತಿನ ಮುದ್ರೆ. ಮಕ್ಕಳ ಇಂಗ್ಲಿಷಿಗೂ ಹಿಂದಿಗೂ ಈ ಮಾತು ಅನ್ವಯಿಸುತ್ತದೆ. ಪಾಲಕರು ಗೇಲಿ ಮಾಡಿದರೆ ಮಗು ತಿದ್ದಿಕೊಳ್ಳುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ. ಪುಸ್ತಕ ಮುಚ್ಚಿಟ್ಟು ಮೊದಲು ಕೇಳಿಸಿ, ಆಮೇಲೆ ನುಡಿಸಿ, ಕೊನೆಗೆ ಓದಿಸಿ. ತೊಟ್ಟಿಲ ಕೂಸು ಮಾತು ಕಲಿಯುವುದೂ ಕಿವಿಯಿಂದಲೇ ಅಲ್ಲವೇ?