ಮೋರಿಯ ಪೈಪು ಎಷ್ಟು ಅಗಲವಿರಬೇಕು?

ನಂಜನಗೂಡು, ತಿ. ನರಸೀಪುರದಲ್ಲಿ ನೆರೆ ಎಂದೊಡನೆ ಎಲ್ಲರ ಕಣ್ಣೂ ಕಪಿಲೆ, ಕಾವೇರಿಯ ಮೇಲೆ ಹೋಗುತ್ತದೆ. 2018 ಮತ್ತು 2019ರ ನೆರೆಗಳನ್ನು ಕಂಡವರಿಗೆ ಅದು ಸಹಜವೇ. ಆದರೆ ಅದು ವಯನಾಡು, ಕೊಡಗಿನಲ್ಲಿ ಬಿದ್ದ ಮಳೆ; ಅಣೆಕಟ್ಟೆಯಿಂದ ನೀರು ಬಿಡುವ ಮುನ್ನ ಎಚ್ಚರಿಕೆಯಾದರೂ ಬರುತ್ತದೆ. ಮೇ ಮತ್ತು ಅಕ್ಟೋಬರ್ ತಿಂಗಳ ಗುಡುಗು ಮಳೆಗೆ ಅರ್ಧ ಗಂಟೆಯಲ್ಲಿ ಉಕ್ಕಿ ಇಳಿಯುವ ಸಣ್ಣ ಹಳ್ಳಕ್ಕೆ ಯಾರ ಎಚ್ಚರಿಕೆಯೂ ಇಲ್ಲ. ದಾರಿಯಡಿಯ ಮೋರಿ ಚಿಕ್ಕದಾದರೆ ನೀರು ಹಿಂದಕ್ಕೆ ನಿಂತು ಅಡಿಕೆಯ ಬೇರು ಕೆಡುತ್ತದೆ, ಇಲ್ಲವೇ ದಾರಿಯನ್ನೇ ಕೊಚ್ಚಿ ಕೆಳಗಿನವರ ತೋಟಕ್ಕೆ ಮರಳು ತುಂಬುತ್ತದೆ. ಅಲ್ಲಿಂದ ಮುಂದೆ ವ್ಯಾಜ್ಯ.

ನಮ್ಮ ಕಡೆ ಮೋರಿಯ ಅಳತೆಯನ್ನು ನಿರ್ಧರಿಸುವುದು ಅಂಗಡಿಯಲ್ಲಿ ಸಿಕ್ಕ ಪೈಪು. ಲೆಕ್ಕವೇನೋ ಕಷ್ಟದ್ದಲ್ಲ, ಐರ್ಲೆಂಡಿನ ಇಂಜಿನಿಯರ್ ಮಲ್ವನಿ 19ನೇ ಶತಮಾನದ ಮಧ್ಯದಲ್ಲೇ ಇದರ ದಾರಿ ತೋರಿಸಿದ್ದಾರೆ. ಮೋರಿಗೆ ನೀರು ಬರುವ ನೆಲ ಎಷ್ಟು ಎಕರೆ, ಮಳೆಯ ಬಿರುಸು ಗಂಟೆಗೆ ಎಷ್ಟು ಅಂಗುಲ, ಬಿದ್ದ ನೀರಿನಲ್ಲಿ ಇಂಗದೆ ಹರಿಯುವ ಪಾಲು ಎಷ್ಟು, ಈ ಮೂರನ್ನು ಗುಣಿಸಿದರೆ ಗರಿಷ್ಠ ಹರಿವು ಕ್ಯೂಸೆಕ್ಸ್‌ನಲ್ಲಿ ಬರುತ್ತದೆ. ಹೆಕ್ಟೇರು, ಮಿಲಿಮೀಟರಿಗೆ ಹೋದರೆ 360ರಿಂದ ಭಾಗಿಸುವ ತೊಡಕು. ಹಳೆಯ ಅಳತೆಗೂ ಒಂದು ಗುಣವಿದೆ!

ಜನ ಎಡವುವುದು ಮಳೆಯ ಬಿರುಸಿನಲ್ಲಿ. ದಿನದ ಮಳೆಯ ಅಂಕಿ ಇಲ್ಲಿ ಉಪಯೋಗಕ್ಕೆ ಬಾರದು. ದೂರದ ಮೂಲೆಯ ನೀರು ಮೋರಿ ತಲುಪಲು ಹದಿನೈದು ನಿಮಿಷವಾದರೆ ಆ ಹದಿನೈದು ನಿಮಿಷದ ಬಿರುಸೇ ಲೆಕ್ಕ. ಅಷ್ಟರಲ್ಲಿ 22 ಮಿ.ಮೀ. ಸುರಿದರೆ ಗಂಟೆಗೆ ಸುಮಾರು ಮೂರೂವರೆ ಅಂಗುಲವಾಯಿತು. ಹತ್ತು ಎಕರೆ ಬೇಸಾಯದ ಇಳಿಜಾರಿಗೆ ಪಾಲು 0.4 ಎಂದು ಹಿಡಿದರೆ 14 ಕ್ಯೂಸೆಕ್ಸ್. (ನೆರಳು ಮರ, ತರಗೆಲೆ ಇರುವ ಕಾಫಿ ತೋಟಕ್ಕೆ ಇನ್ನೂ ಕಡಿಮೆ ಹಿಡಿಯಬಹುದು.) ನೀರು ಸೆಕೆಂಡಿಗೆ ಐದಡಿ ವೇಗದಲ್ಲಿ ಹರಿದರೆ ಎರಡಡಿ ಹ್ಯೂಂ ಪೈಪು ಇಷ್ಟನ್ನು ಸಾಗಿಸೀತು, ಒಂದಡಿಯದು ನಾಲ್ಕು ಕ್ಯೂಸೆಕ್ಸನ್ನೂ ಸಾಗಿಸದು. ಒಂದಡಿ ಪೈಪು ಎರಡು ಹಾಕಿದರೆ ಸರಿಹೋಯಿತೆನ್ನುವವರು ಇದನ್ನು ಗಮನಿಸಬೇಕು.

ಅದೇ ಹತ್ತು ಎಕರೆ ನಿವೇಶನಗಳಾಗಿ ಪಾಲು 0.7ಕ್ಕೆ ಏರಿದರೆ ಹರಿವು 24 ಕ್ಯೂಸೆಕ್ಸ್ ದಾಟುತ್ತದೆ, ನೀರು ಮೊದಲಿಗಿಂತ ಬೇಗವೂ ಬರುತ್ತದೆ. ಕೆಳಗಿನ ಮೋರಿಯನ್ನು ದೊಡ್ಡದು ಮಾಡುವ ಖರ್ಚನ್ನು ತೋಟದವನು ಏಕೆ ಹೊರಬೇಕು? ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಆ ಖರ್ಚು ಬಡಾವಣೆಯವರದೆಂದು ಷರತ್ತು ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪಂಚಾಯಿತಿಗಳಿಗೆ ಸಂಘದಿಂದ ಮನವಿ ಬರೆಯಲು ನಾನು ಸಿದ್ಧ. ಸದಸ್ಯರು ತಮ್ಮ ತಮ್ಮ ಮೋರಿಯ ಪೈಪಿನ ಅಳತೆ, ಅದಕ್ಕೆ ನೀರು ಬರುವ ಎಕರೆಗಳ ಲೆಕ್ಕ ಇವೆರಡನ್ನೂ ಗ್ರಾಮ ನಕ್ಷೆಯಲ್ಲಿ ಗುರುತಿಸಿ, ಅಕ್ಟೋಬರಿಗೆ ಮುನ್ನ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇನೆ.