ಶೇ. 50 ಎಂದ ವಿಡಿಯೋ ಮತ್ತು ನಮ್ಮ ಹಲಸಿನ ಹಪ್ಪಳ



ಈ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ.

ಕಳೆದ ವರ್ಷ ಹಲಸಿನ ಕಾಲದಲ್ಲಿ ನಮ್ಮ ವಾರ್ಡಿನ ವಾಟ್ಸ್ಯಾಪ್ ಗುಂಪಿಗೆ ನಾನೊಂದು ಕನ್ನಡ ವಿಡಿಯೋ ಹಾಕಿದ್ದೆ. ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಮಾಡುವವರಿಗೆ ಸರಕಾರ ಶೇ. 50 ಸಹಾಯಧನ ಕೊಡುತ್ತದೆ, 15 ಲಕ್ಷ ರೂಪಾಯಿಯವರೆಗೂ ಸಿಗುತ್ತದೆ ಎಂದು ಅದರಲ್ಲಿ ಹೇಳುತ್ತಿದ್ದರು. "ನಮ್ಮ ತಾಯಂದಿರಿಗೆ ಒಳ್ಳೆಯ ಅವಕಾಶ" ಎಂದು ಕೆಳಗೆ ಬರೆದೂ ಇದ್ದೆ. ವಾರ್ಡಿನ ಒಬ್ಬ ಆಂಟಿ ಅದನ್ನು ನಂಬಿದರು. ಅವರ ಹಲಸಿನ ಹಪ್ಪಳ ತಿಂದು ಬೆಳೆದವರು ನಾವು. ಒಂದು ದಿನದ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ, ಆಧಾರ್ ಮತ್ತು ಪಾಸ್‌ಬುಕ್ಕಿನ ಪ್ರತಿಗಳನ್ನು ಫೈಲಿಗೆ ಹಾಕಿಕೊಂಡು ಕಚೇರಿಗೆ ಹೋದರು. ಅಲ್ಲಿ ಗೊತ್ತಾದದ್ದು, ಆ ಲೆಕ್ಕ ಕರ್ನಾಟಕದ್ದು, ನಾವಿರುವುದು ಕೇರಳದಲ್ಲಿ. ಕೈಗೆ ಕೊಟ್ಟ ಮಾಹಿತಿ ಪತ್ರ ಮಲಯಾಳದಲ್ಲಿತ್ತು. ಸಂಜೆ ಮರಳಿ ಬಂದವರು ನನಗೆ ಬೈಯಲಿಲ್ಲ. "ಇದೆಲ್ಲ ನಮ್ಮಂಥವರಿಗೆ ಇರುವುದಲ್ಲ ಮಗಾ" ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ವಿಡಿಯೋ ಸುಳ್ಳಾಗಿರಲಿಲ್ಲ. ಅದು ಹೇಳುತ್ತಿದ್ದದ್ದು ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ, ಅಂದರೆ ಪಿಎಂಎಫ್‌ಎಂಇ ಬಗ್ಗೆ. ಕೊರೊನಾ ಕಾಲದಲ್ಲಿ, 2020ರ ಜೂನ್ 29ರಂದು, 10,000 ಕೋಟಿ ರೂಪಾಯಿಯ ಯೋಜನೆಯಾಗಿ ಇದು ಆರಂಭವಾಯಿತು. ನಮ್ಮಂಥ ರಾಜ್ಯಗಳಲ್ಲಿ ಖರ್ಚಿನ ನೂರರಲ್ಲಿ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಸಣ್ಣ ಆಹಾರ ಘಟಕಕ್ಕೆ ಯೋಜನಾ ವೆಚ್ಚದ ಶೇ. 35, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ. ಕರ್ನಾಟಕ ಸರಕಾರ ಇದಕ್ಕೆ ತನ್ನ ಕಡೆಯಿಂದ ಇನ್ನೂ ಶೇ. 15 ಸೇರಿಸಿತು. ಹಾಗಾಗಿ ತಲಪಾಡಿ ಗಡಿಯ ಆಚೆಗೆ ಶೇ. 50, ಈಚೆಗೆ ಶೇ. 35. ನಮ್ಮ ಧರ್ಮಪ್ರಾಂತ್ಯ ಮಂಗಳೂರು, ಸಂತೆ ಮಂಗಳೂರು, ಮೊಬೈಲಿಗೆ ಬರುವ ಕನ್ನಡ ಮಾಹಿತಿಯೂ ಆಚೆಯದ್ದೇ. ಅರ್ಜಿ ಕೊಡುವ ಕಚೇರಿ ಮಾತ್ರ ಈಚೆ. ಗಡಿನಾಡಿನವರು ಎಡವುವುದು ಇಲ್ಲೇ.

ಮೊದಲು 2024-25ರ ವರೆಗೆ ಎಂದಿದ್ದ ಈ ಯೋಜನೆಯನ್ನು ಮತ್ತೊಂದು ವರ್ಷ ವಿಸ್ತರಿಸಿದರು. ಯೋಜನೆಗಳ ಹೆಸರು, ಅವಧಿ ಬದಲಾಗುತ್ತಾ ಇರುತ್ತವೆ. ಒಳಗಿನ ಲೆಕ್ಕ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ ಮುಂದಿನ ಯಾವ ಯೋಜನೆ ಬಂದರೂ ಮೋಸ ಹೋಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ಹಪ್ಪಳಕ್ಕೆ ಒಂದು ಡ್ರೈಯರ್, ಪ್ಯಾಕೆಟ್ ಸೀಲ್ ಮಾಡುವ ಯಂತ್ರ, ತೂಕದ ಯಂತ್ರ, ಎಲ್ಲ ಸೇರಿ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಕನಿಷ್ಠ ಶೇ. 10, ಅಂದರೆ 20,000 ರೂ. ನಮ್ಮ ಕೈಯಿಂದ ಹೋಗಬೇಕು. ಉಳಿದ 1,80,000 ಬ್ಯಾಂಕ್ ಸಾಲ. ಸಹಾಯಧನ 70,000. ಇದು ನಮ್ಮ ಕೈಗೆ ಬರುವ ಹಣವಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಬೇರೆಯಾಗಿ ಇರುತ್ತದೆ. ಮೂರು ವರ್ಷ ಕಂತು ತಪ್ಪದೆ ಕಟ್ಟಿ, ಘಟಕವೂ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಬ್ಯಾಂಕು ಸಾಲ ಕೊಡದಿದ್ದರೆ ಸಹಾಯಧನವೂ ಇಲ್ಲ. "ಸರಕಾರ ಹಣ ಕೊಡುತ್ತದಂತೆ" ಎಂಬ ಮಾತಿಗೂ ಇದಕ್ಕೂ ಎಷ್ಟು ದೂರ ಎಂದು ನೀವೇ ಹೇಳಿ.

ನಾನು ಯೋಜನೆಯ ವಿರೋಧಿಯಲ್ಲ. ಹಪ್ಪಳ ಒಣಗಿಸುವವರಿಗೆ ಡ್ರೈಯರ್ ಎಂದರೆ ಏನೆಂದು ನನ್ನ ಅಮ್ಮನನ್ನು ಕೇಳಿ. ಬೆಳೆದ ಕಾಯಿ ಸಿಗುವುದು ಮಾರ್ಚಿನಿಂದ ಮೇ ವರೆಗೆ. ಮೇ ತಿಂಗಳಲ್ಲಿ ಮಧ್ಯಾಹ್ನ ಮೋಡ ಕವಿದರೆ ಚಾಪೆ ಒಳಗೆ, ಬಿಸಿಲು ಬಂದರೆ ಚಾಪೆ ಹೊರಗೆ. ಬಿಎಸ್ಸಿಯಲ್ಲಿ ನಾನು ಕಲಿತದ್ದೂ ಅದನ್ನೇ: ತೇವ ಉಳಿದರೆ ಬೂಸು ಬರುತ್ತದೆ, ಎಷ್ಟು ಚಂದದ ಪ್ಯಾಕೆಟ್ ಮಾಡಿದರೂ ಪ್ರಯೋಜನವಿಲ್ಲ. 2018ರಲ್ಲಿ ಕೇರಳ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಆದರೂ ಮಳೆ ಹಿಡಿದ ಮೇಲೆ ನಮ್ಮ ತೋಟಗಳಲ್ಲಿ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ.

ನನ್ನ ತಕರಾರು ಇಷ್ಟೇ: ಹಲಸು ವರ್ಷಕ್ಕೆ ಮೂರು ತಿಂಗಳು, ಬ್ಯಾಂಕು ಹನ್ನೆರಡು ತಿಂಗಳು. ಜುಲೈಯಲ್ಲಿ ಚಾಪೆ ಮಡಚಿಟ್ಟ ಮೇಲೂ ಕಂತು ಕಟ್ಟಲೇಬೇಕು. ಸಹಾಯಧನ ಇದೆ ಎಂದು ಸಾಲ ಮಾಡಿದವರು ಮಳೆಗಾಲದಲ್ಲಿ ಚಿನ್ನ ಅಡವಿಟ್ಟು ಕಂತು ಕಟ್ಟುವಂತಾದರೆ, ಶೇ. 35ರ ಲಾಭ ಎಲ್ಲಿ ಉಳಿಯಿತು? ಈ ಬೆಂಬಲ ಈಗಾಗಲೇ ಸಾಲ ಪಡೆಯಬಲ್ಲವರಿಗೆ ಸುಲಭವಾಗಿ ತಲುಪುತ್ತದೆ. ಅಂಗಳದಲ್ಲಿ ಹಪ್ಪಳ ತಟ್ಟುವವರಿಗೆ ತಲುಪಬೇಕಾದರೆ ಸಾಲಕ್ಕೆ ಮೊದಲಿನ ಮೆಟ್ಟಿಲುಗಳನ್ನು ಕಟ್ಟಬೇಕು. ಅವುಗಳಲ್ಲಿ ಕೆಲವನ್ನು ಸರಕಾರ ಕಟ್ಟಬೇಕು, ಉಳಿದವನ್ನು ನಾವು.

ಸರಕಾರದಿಂದ ನಾನು ಬಯಸುವುದು ಎರಡು ವಿಷಯ. ಒಂದು, ಕಾಸರಗೋಡಿನ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಅರ್ಜಿ ಮತ್ತು ಮಾಹಿತಿ ಪತ್ರ ಕನ್ನಡದಲ್ಲಿ ಸಿಗಬೇಕು. ಇಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ನಮಗಿದೆ. ಆ ಹಕ್ಕು ಸಾಲದ ಕಾಗದಕ್ಕೆ ಬಂದಾಗ ನೆನಪಾಗದಿದ್ದರೆ ಹೇಗೆ? ಎರಡು, ಹಣ್ಣಿನ ಕಾಲ ನೋಡಿ ಕಂತು ಕಟ್ಟುವ ವ್ಯವಸ್ಥೆ ಬೇಕು.

ಇನ್ನು ನಮ್ಮ ಪಾಲು. ಹೆಚ್ಚಿನವರಿಗೆ ಗೊತ್ತಿಲ್ಲದ ಕೆಲವು ಸಂಗತಿಗಳಿವೆ. ಯೋಜನಾ ವರದಿ ಬರೆಯಲು, ಬ್ಯಾಂಕಿನೊಂದಿಗೆ ಮಾತನಾಡಲು ಸಹಾಯ ಮಾಡಲೆಂದೇ ಈ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸುತ್ತಾರೆ. ಅವರಿಗೆ ಸಂಭಾವನೆ ಕೊಡುವುದು ಯೋಜನೆಯೇ. ಆದ್ದರಿಂದ "ನಾನು ಮಾಡಿಸಿ ಕೊಡುತ್ತೇನೆ" ಎಂದು ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂ. ವರೆಗೆ ಬೀಜಧನದ ವ್ಯವಸ್ಥೆಯೂ ಇದೆ. ಅದು ಸಂಘದ ಮೂಲಕ ಬಂದು ಸಂಘಕ್ಕೇ ಮರಳಬೇಕಾದ ಹಣ. 1998ರಲ್ಲಿ ಆರಂಭವಾದ ಕುಟುಂಬಶ್ರೀಯಲ್ಲಿ ನಮ್ಮ ಎಷ್ಟೋ ತಾಯಂದಿರಿದ್ದಾರೆ. ಮುಂದಿನ ಸಭೆಯಲ್ಲಿ ಈ ಬಗ್ಗೆ ಕೇಳಲಿ. ನಮ್ಮದೇ ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನಕಾಯಿ ಚಿಪ್ಸ್ ಮಾಡುವ ವಿಧಾನ ರೂಪಿಸಿ ತರಬೇತಿಯನ್ನೂ ಕೊಡುತ್ತದೆ. ತೆಂಗಿಗೆ ಹಲಸಿನ ಹಾಗೆ ಮೂರು ತಿಂಗಳ ಮಿತಿ ಇಲ್ಲ.

ಕುಸ್ವಾರ್ ಅನ್ನು ಮರೆಯಬೇಡಿ. ಕಿಡಿಯೊ, ಗುಳಿಯೊ, ನೆವ್ರಿ ಮಾಡುವ ಕೈಗಳು ನಮ್ಮಲ್ಲಿ ಈಗಲೂ ಇವೆ. ಆದರೆ ಡಿಸೆಂಬರ್ ಬಂತೆಂದರೆ ನಾವೇ ನಗರದ ಬೇಕರಿಯಿಂದ ಡಬ್ಬಿ ತರುತ್ತೇವೆ. ಬೇಸಿಗೆಗೆ ಹಪ್ಪಳ, ವರ್ಷವಿಡೀ ತೆಂಗಿನ ಚಿಪ್ಸ್, ಕ್ರಿಸ್ಮಸ್‌ಗೆ ಕುಸ್ವಾರ್ ಎಂದಾದರೆ ಹನ್ನೆರಡು ಕಂತಿನ ಲೆಕ್ಕ ಸ್ವಲ್ಪ ಹಗುರವಾಗುತ್ತದೆ.

"ಚರ್ಚಿಗೂ ವ್ಯಾಪಾರಕ್ಕೂ ಏನು ಸಂಬಂಧ, ಯುವಜನರು ಪ್ರಾರ್ಥನೆಗೆ ಬಂದರೆ ಸಾಕು" ಎಂದು ಹಿರಿಯರೊಬ್ಬರು ನನ್ನಲ್ಲಿ ಹೇಳಿದ್ದರು. ಅವರ ಮಾತಿನಲ್ಲಿ ಕಾಳಜಿ ಇದೆ. ದೇವಾಲಯದ ಅಂಗಳ ಸಂತೆಯಾಗಬಾರದು. ಆದರೆ ಅರಸುಗಳ ಎರಡನೆಯ ಗ್ರಂಥದ 4ನೇ ಅಧ್ಯಾಯವನ್ನು ಒಮ್ಮೆ ಓದಿ. ಗಂಡನನ್ನು ಕಳಕೊಂಡ ಹೆಂಗಸು. ಸಾಲಗಾರ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಎಲೀಷ ಆಕೆಯಲ್ಲಿ ಮನೆಯಲ್ಲಿ ಏನಿದೆ ಎಂದು ಕೇಳುತ್ತಾನೆ. ಇದ್ದದ್ದು ಸ್ವಲ್ಪ ಎಣ್ಣೆ. ನೆರೆಹೊರೆಯವರಿಂದ ಖಾಲಿ ಪಾತ್ರೆಗಳನ್ನು ತರಲು ಹೇಳುತ್ತಾನೆ. ಕೊನೆಗೆ ಎಣ್ಣೆ ಮಾರಿ, ಸಾಲ ತೀರಿಸಿ, ಉಳಿದದ್ದರಲ್ಲಿ ಬದುಕಲು ಹೇಳುತ್ತಾನೆ. ಅದ್ಭುತ ದೇವರದು. ಪಾತ್ರೆಗಳು ಮಾತ್ರ ನೆರೆಹೊರೆಯವರದು. ಅವರು ಬಾಗಿಲು ಹಾಕಿಕೊಂಡಿದ್ದರೆ?

ನಮ್ಮ ಬಳಿ ಇರುವ ಖಾಲಿ ಪಾತ್ರೆಗಳು ಯಾವುವು? ಮೊಬೈಲು, ಮಲಯಾಳ ಓದಲು ಬರೆಯಲು ಕಲಿತದ್ದು, ಭಾನುವಾರ ಪೂಜೆಯ ನಂತರದ ಒಂದು ಗಂಟೆ. ಇಷ್ಟು ಸಾಕು. ಎಫ್‌ಎಸ್‌ಎಸ್‌ಎಐ ನೋಂದಣಿ ನಾವೇ ಆನ್‌ಲೈನಿನಲ್ಲಿ ಮಾಡಿಕೊಡಬಹುದು. ಸಣ್ಣ ಮನೆ ಉದ್ಯಮಕ್ಕೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಆ 14 ಅಂಕಿಯ ಸಂಖ್ಯೆ, ಬಳಸಿದ ಪದಾರ್ಥಗಳು, ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನ ಬಾಳುತ್ತದೆ, ಬೆಲೆ, ವಿಳಾಸ ಎಲ್ಲ ಇರುವ ಲೇಬಲ್ ಮಾಡಿಕೊಡಬಹುದು. ಖರ್ಚು, ಆದಾಯ ಬರೆದಿಡುವ ಒಂದು ಪುಸ್ತಕ ಆರಂಭಿಸಿಕೊಡಬಹುದು. ಬ್ಯಾಂಕು ಮೊದಲು ಕೇಳುವುದು ಅದನ್ನೇ. ಪಾಲನಾ ಮಂಡಳಿಯವರಲ್ಲಿ ನನ್ನ ವಿನಂತಿ ಒಂದೇ: ವಾರ್ಷಿಕ ಹಬ್ಬದ ತಿಂಡಿಯನ್ನು ಮೊದಲು ನಮ್ಮವರಲ್ಲಿ ಕೇಳಿ. ಸಾಲಕ್ಕಿಂತ ಮೊದಲು ಬೇಕಾದದ್ದು ಗಿರಾಕಿ.

ಈ ವರ್ಷ ನಾವು ಮೂವರು ಆ ಆಂಟಿಯ ಮನೆಗೆ ಹೋದೆವು. ನಾನು ಮೊದಲು ಕ್ಷಮೆ ಕೇಳಿದೆ. ನೋಂದಣಿ ಆಗಿದೆ, ಲೇಬಲ್ ಆಗಿದೆ. ಸಾಲಕ್ಕೆ ಅರ್ಜಿ ಹಾಕಿಲ್ಲ. "ಒಂದು ಕ್ರಿಸ್ಮಸ್ ನೋಡುತ್ತೇನೆ, ಎಷ್ಟು ಹೋಗುತ್ತದೆ ಎಂದು ತಿಳಿಯಲಿ, ಮತ್ತೆ ಡ್ರೈಯರ್" ಎಂದಿದ್ದಾರೆ. ನಾನು ಹಾಕಿದ ವಿಡಿಯೋಗಿಂತ ಅವರ ಮಾತಿನಲ್ಲಿ ಹೆಚ್ಚು ಬುದ್ಧಿ ಇದೆ.

ಬರುವ ಭಾನುವಾರ ಎರಡನೇ ಪೂಜೆಯ ನಂತರ ಹಾಲಿನಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಇರುತ್ತದೆ. ಆಧಾರ್ ಮತ್ತು ಮೊಬೈಲ್ ತನ್ನಿ. ನಿಮ್ಮ ಮನೆಯ ಹಪ್ಪಳದ ಒಂದು ಕಟ್ಟು ತಂದರೂ ಬೇಡ ಎನ್ನುವುದಿಲ್ಲ. ದೇವರು ನಮ್ಮೆಲ್ಲರ ಕೈಕೆಲಸವನ್ನು ಆಶೀರ್ವದಿಸಲಿ.